ಯಾವುದರಿಂದ ಸ್ವತಂತ್ರ? ಎಂಬಬಾನೆ ಬೆಟ್ಟದ ಒಂದು ಶಾಲೆ

ಇತ್ತೀಚಿನ ವರ್ಷಗಳಲ್ಲಿ ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ, ಬಸ್ಸಿನ ಕಿಟಕಿಯ ಪಕ್ಕ ಕುಳಿತವರ ಕಣ್ಣಿಗೆ ಒಂದು ಮಾತು ಬೀಳದೆ ಇರದು: 'ಅಂತಾರಾಷ್ಟ್ರೀಯ ಶಾಲೆ'. ಅದು ಹಲಗೆಗಳ ಮೇಲಿದೆ, ಗೋಡೆಗಳ ಮೇಲಿದೆ, ಮಕ್ಕಳನ್ನು ಹೊತ್ತೊಯ್ಯುವ ಹಳದಿ ವಾಹನಗಳ ಬೆನ್ನ ಮೇಲಿದೆ. ಹೆದ್ದಾರಿಯನ್ನು ಬಿಟ್ಟು ಈಗ ತಾಲ್ಲೂಕು ಊರುಗಳ ಕಡೆಗೂ ಅದು ಹೆಜ್ಜೆಯಿಟ್ಟಿದೆ. ರಾಗಿಯ ಹೊಲದ ಅಂಚಿನಲ್ಲಿ ಅಂತಾರಾಷ್ಟ್ರವನ್ನು ಕಂಡು ನಗುವುದು ಸುಲಭ. ನಗುವ ಉದ್ದೇಶ ನನಗಿಲ್ಲ. ಮಕ್ಕಳಿಗೆ ಒಳ್ಳೆಯದಾಗಲೆಂದು ಹೊಟ್ಟೆಬಟ್ಟೆ ಕಟ್ಟಿ ಶುಲ್ಕ ತೆರುವ ತಂದೆತಾಯಿಗಳ ಆಸೆ ನಗೆಯ ವಸ್ತುವಲ್ಲ. ಆದರೆ ಒಂದು ಮಾತನ್ನು ನಾಲ್ಕು ಜನ ನಾಲ್ಕು ಕಡೆ ಬರೆದು ತೂಗುಹಾಕಿದಾಗ, ಅದರ ಅರ್ಥವೇನೆಂದು ಕೇಳುವ ಹಕ್ಕು ಐದನೆಯವನಿಗೆ ಉಂಟು. 'ಸ್ವತಂತ್ರ ಶಾಲೆ' ಎನ್ನುತ್ತಾರೆ, ಯಾವುದರಿಂದ ಸ್ವತಂತ್ರ? 'ಅಂತಾರಾಷ್ಟ್ರೀಯ' ಎನ್ನುತ್ತಾರೆ, ಯಾವ ಯಾವ ರಾಷ್ಟ್ರಗಳ ಯಾವ ಮಕ್ಕಳು ಅಲ್ಲಿ ಯಾರ ಪಕ್ಕದಲ್ಲಿ ಕುಳಿತಿದ್ದಾರೆ?

ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೊರಟ ನನ್ನನ್ನು ಓದು ಬಹು ದೂರದ ಒಂದು ಬೆಟ್ಟಕ್ಕೆ ಕರೆದೊಯ್ದಿತು. ನಾನು ಕೊರಟಗೆರೆಯವನು, ಬಹಳ ಕಾಲ ಹುಡುಗರಿಗೆ ಭೂಗೋಳ ಹೇಳಿಕೊಟ್ಟವನು. ಆಫ್ರಿಕದ ಭೂಪಟವನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆ ಖಂಡವನ್ನು ಕಣ್ಣಾರೆ ಕಂಡವನಲ್ಲ. ಆದರೆ ಅದರ ದಕ್ಷಿಣದ ತುದಿಯಲ್ಲಿ, ಸೀಮೆಸುಣ್ಣದ ಚೂರಿನಿಂದ ಒಂದು ಚುಕ್ಕೆಯಿಟ್ಟರೆ ಮುಚ್ಚಿಹೋಗುವಷ್ಟು ಚಿಕ್ಕದೊಂದು ದೇಶವುಂಟು. ಅದರ ರಾಜಧಾನಿಯ ಮಗ್ಗುಲಿನ ಬೆಟ್ಟದ ಮೇಲೆ 1963ರಲ್ಲಿ ತೆರೆದ ಒಂದು ಶಾಲೆಯ ಕಥೆಯನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಅಂತಾರಾಷ್ಟ್ರೀಯ ಶಾಲೆಯೆಂಬುದು ಹುಟ್ಟಿದ ಬಗೆಯನ್ನು ತಿಳಿಯೋಣ. ಒಂದನೆಯ ಮಹಾಯುದ್ಧ ಮುಗಿದ ಮೇಲೆ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ರಾಷ್ಟ್ರಸಂಘ ನೆಲೆಗೊಂಡಿತು. ನಾನಾ ದೇಶಗಳ ಅಧಿಕಾರಿಗಳು ಸಂಸಾರಸಮೇತ ಅಲ್ಲಿಗೆ ಬಂದರು. ಅವರ ಮಕ್ಕಳು ಯಾವ ಭಾಷೆಯಲ್ಲಿ ಕಲಿಯಬೇಕು, ಯಾವ ದೇಶದ ಚರಿತ್ರೆಯನ್ನು ತಮ್ಮದೆಂದು ಓದಬೇಕು? ಈ ಪೇಚಿನಿಂದ 1924ರಲ್ಲಿ ಅಲ್ಲಿ ಒಂದು ಶಾಲೆ ಹುಟ್ಟಿತು. ಮುಂದೆ 1968ರಲ್ಲಿ ಅದೇ ಊರಿನಲ್ಲಿ, ದೇಶದಿಂದ ದೇಶಕ್ಕೆ ಅಲೆಯುವ ಮಕ್ಕಳಿಗೆ ಎಲ್ಲ ಕಡೆಯೂ ಸಲ್ಲುವ ಒಂದೇ ಪರೀಕ್ಷೆ ಇರಲೆಂದು 'ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್' ಎಂಬ ವ್ಯವಸ್ಥೆ ರೂಪುಗೊಂಡಿತು. ನಮ್ಮ ಹೆದ್ದಾರಿಯ ಹಲಗೆಗಳಲ್ಲಿ ಎರಡು ಇಂಗ್ಲಿಷ್ ಅಕ್ಷರಗಳಾಗಿ ಕಾಣುವ ಐ.ಬಿ. ಎಂಬುದು ಇದೇ. ಅಂದರೆ ಮೂಲದಲ್ಲಿ ಇದು ಮನೆ ಬಿಟ್ಟು ಬಂದವರ ಮಕ್ಕಳಿಗೆ ಕಟ್ಟಿಕೊಟ್ಟ ಒಂದು ಛತ್ರ.

1960ರ ಒಂದೇ ವರ್ಷದಲ್ಲಿ ಆಫ್ರಿಕದ 17 ದೇಶಗಳು ಸ್ವತಂತ್ರವಾದವು. ಹೊಸ ರಾಜಧಾನಿಗಳಲ್ಲಿ ರಾಯಭಾರ ಕಚೇರಿಗಳು ತೆರೆದವು. ಎಂಜಿನಿಯರುಗಳು, ವೈದ್ಯರು, ಬ್ಯಾಂಕಿನವರು ಬಂದಿಳಿದರು. ಅವರ ಮಕ್ಕಳಿಗಾಗಿ ಊರೂರಿನಲ್ಲಿ ಇಂಥ ಶಾಲೆಗಳು ಎದ್ದವು. ಕೀನ್ಯಾದ ನೈರೋಬಿಯಲ್ಲಿ 1976ರಲ್ಲಿ ಆರಂಭವಾದ ಅಂತಾರಾಷ್ಟ್ರೀಯ ಶಾಲೆಯ ಹಿಂದೆ ಅಮೆರಿಕ ಮತ್ತು ಕೆನಡಾ ಸರ್ಕಾರಗಳೇ ಇದ್ದವು. ಇಂಥ ಶಾಲೆಗಳನ್ನು ನಡೆಸುವುದು ಸ್ಥಳೀಯ ಸರ್ಕಾರದ ಇಲಾಖೆಯಲ್ಲ, ಒಂದು ಆಡಳಿತ ಮಂಡಳಿ. ಹಣ ಬರುವುದು ಬೊಕ್ಕಸದಿಂದಲ್ಲ, ಶುಲ್ಕದಿಂದ. ಆ ಶುಲ್ಕವನ್ನು ಅನೇಕ ವೇಳೆ ತಂದೆತಾಯಿ ತೆರುವುದಿಲ್ಲ, ಅವರು ದುಡಿಯುವ ಸಂಸ್ಥೆ ತೆರುತ್ತದೆ. 'ಸ್ವತಂತ್ರ' ಎಂಬ ವಿಶೇಷಣದ ವ್ಯಾವಹಾರಿಕ ಅರ್ಥ ಇಷ್ಟೆ: ಪಠ್ಯ, ಅಧ್ಯಾಪಕ, ಹಣ ಈ ಮೂರರಲ್ಲಿಯೂ ಸರ್ಕಾರದ ಹಂಗಿಲ್ಲದಿರುವುದು.

ಇದಿಷ್ಟೇ ಆಗಿದ್ದರೆ ಇದನ್ನು ಕುರಿತು ಒಂದು ಭಾಷಣ ಮಾಡುವ ಅಗತ್ಯವಿರಲಿಲ್ಲ. ನಾನು ಹೇಳಹೊರಟ ಶಾಲೆ ಛತ್ರವಾಗಿ ಹುಟ್ಟಿದ್ದಲ್ಲ. ಅದು ಹುಟ್ಟಿದ್ದು ಒಂದು ಕಾಯಿದೆಗೆ ಕೊಟ್ಟ ಉತ್ತರವಾಗಿ. ಆ ಕಾಯಿದೆ ಇದ್ದದ್ದು ಪಕ್ಕದ ದೇಶದಲ್ಲಿ.

ದಕ್ಷಿಣ ಆಫ್ರಿಕದಲ್ಲಿ 1948ರಲ್ಲಿ ನ್ಯಾಷನಲ್ ಪಕ್ಷ ಅಧಿಕಾರಕ್ಕೆ ಬಂದಿತು. ಜನರನ್ನು ಬಣ್ಣದ ಮೇಲೆ ವಿಂಗಡಿಸುವುದು ಅಲ್ಲಿ ಹಳೆಯ ರೂಢಿ. ಈ ಸರ್ಕಾರ ರೂಢಿಯನ್ನು ಶಾಸನವಾಗಿಸಿತು. 1950ರ ಕಾಯಿದೆಗಳ ಮೂಲಕ ಪ್ರತಿಯೊಬ್ಬನಿಗೂ ಒಂದು ವರ್ಣವನ್ನು ದಾಖಲೆ ಮಾಡಿ, ಯಾರು ಎಲ್ಲಿ ವಾಸಿಸಬೇಕೆಂದು ಗೆರೆ ಎಳೆದರು. 1953ರಲ್ಲಿ ಬಾಂಟೂ ಶಿಕ್ಷಣ ಕಾಯಿದೆ ಬಂದಿತು. ಕಪ್ಪು ಮಕ್ಕಳ ಶಿಕ್ಷಣವನ್ನು ಸರ್ಕಾರ ಕೈಗೆತ್ತಿಕೊಂಡಿತು, ಅವರನ್ನು ಮೇಲೆತ್ತುವುದಕ್ಕಲ್ಲ. ಬಿಳಿಯರ ಸಮಾಜದಲ್ಲಿ ಅವರಿಗೆ ಕೂಲಿಯ ಮಟ್ಟಕ್ಕಿಂತ ಮೇಲಿನ ಸ್ಥಾನವಿಲ್ಲ, ಆದ್ದರಿಂದ ಆ ಮಟ್ಟಕ್ಕಿಂತ ಮೇಲಿನ ವಿದ್ಯೆಯೂ ಬೇಡ ಎಂಬುದು ಅದರ ಸೂತ್ರ. ಈ ಸೂತ್ರದ ಕರ್ತೃ ಅಂದಿನ ಸಚಿವ, ಮುಂದೆ ಪ್ರಧಾನಿಯಾದ ಫರ್‌ವೂರ್ಟ್. ಅದರ ಫಲವನ್ನು ಲೆಕ್ಕದ ಪುಸ್ತಕವೇ ಹೇಳುತ್ತಿತ್ತು: 1970ರ ಹೊತ್ತಿಗೆ ಒಂದು ಬಿಳಿಯ ಮಗುವಿನ ಶಿಕ್ಷಣಕ್ಕೆ ಸರ್ಕಾರ ಖರ್ಚು ಮಾಡುತ್ತಿದ್ದ ಹಣ ಒಂದು ಕಪ್ಪು ಮಗುವಿನದಕ್ಕಿಂತ ಹತ್ತು ಪಟ್ಟಿಗೂ ಮಿಗಿಲು. ಭಾರತೀಯ ಮೂಲದ ಮಕ್ಕಳಿಗೆ, ಮಿಶ್ರವರ್ಣದವರೆಂದು ಬರೆಸಿಕೊಂಡ ಮಕ್ಕಳಿಗೆ ಬೇರೆ ಬೇರೆ ಶಾಲೆಗಳು. ನಾಲ್ಕು ಬಣ್ಣ, ನಾಲ್ಕು ಬಾಗಿಲು.

ಜೊಹಾನ್ಸ್‌ಬರ್ಗಿನ ರೊಸೆಟನ್‌ವಿಲ್ ಎಂಬಲ್ಲಿ ಸೇಂಟ್ ಪೀಟರ್ಸ್ ಎಂಬ ಹೆಸರಾಂತ ಶಾಲೆಯಿತ್ತು. ಇಂಗ್ಲೆಂಡಿನ ಪಾದ್ರಿಗಳು ಕಪ್ಪು ಮಕ್ಕಳಿಗಾಗಿ ನಡೆಸುತ್ತಿದ್ದ ಶಾಲೆ ಅದು. ಸಾಹಿತ್ಯದಲ್ಲಿ ಆಸಕ್ತಿಯುಳ್ಳ ನಿಮಗೆ ಆ ಶಾಲೆಯ ಪರಿಚಯವನ್ನು ಅಲ್ಲಿ ಓದಿದವರಿಂದಲೇ ಮಾಡಿಕೊಡಬಹುದು: 'ಮೈನ್ ಬಾಯ್' ಕಾದಂಬರಿಯ ಪೀಟರ್ ಅಬ್ರಹಾಮ್ಸ್ ಅಲ್ಲಿಯ ವಿದ್ಯಾರ್ಥಿ, 'ಡೌನ್ ಸೆಕೆಂಡ್ ಅವೆನ್ಯೂ' ಎಂಬ ಆತ್ಮಕಥೆಯ ಎಂಫಹ್ಲೇಲೆ ಅಲ್ಲಿಯ ವಿದ್ಯಾರ್ಥಿ. ನೆಲ್ಸನ್ ಮಂಡೇಲಾ ಅವರ ಆಪ್ತಮಿತ್ರ ಆಲಿವರ್ ಟಾಂಬೊ ಅಲ್ಲಿ ಓದಿ, ಅಲ್ಲಿಯೇ ಪಾಠ ಹೇಳಿದವರು. ಮುಂದೆ ಜಗತ್ತೇ ತಲೆದೂಗಿದ ತುತ್ತೂರಿ ವಾದಕ ಹ್ಯೂ ಮಸೆಕೆಲಾ ಅವರಿಗೆ ಮೊದಲ ವಾದ್ಯವನ್ನು ದೊರಕಿಸಿಕೊಟ್ಟವರು ಆ ಶಾಲೆಯ ಫಾದರ್ ಟ್ರೆವರ್ ಹಡಲ್‌ಸ್ಟನ್. ಕಾಯಿದೆ ಬಂದಾಗ ಪಾದ್ರಿಗಳ ಮುಂದೆ ಎರಡೇ ದಾರಿಗಳಿದ್ದವು: ಸರ್ಕಾರದ ಅಡಿಯಾಳಾಗಿ ಕೀಳು ಶಿಕ್ಷಣವನ್ನು ಕೊಡುವುದು, ಇಲ್ಲವೇ ಶಾಲೆಯ ಬಾಗಿಲು ಹಾಕುವುದು. ಅವರು ಬಾಗಿಲು ಹಾಕಿದರು. ಅದೇ ಆವರಣದಲ್ಲಿ ಬಿಳಿಯ ಹುಡುಗರಿಗಾಗಿ ಬೇರೊಂದು ಹೆಸರಿನ ಶಾಲೆ ತೆರೆಯಿತು. ಗೋಡೆಗಳು ಅವೇ, ಮೈದಾನ ಅದೇ. ಮಕ್ಕಳ ಬಣ್ಣ ಮಾತ್ರ ಬದಲಾಯಿತು.

ಈ ಬದಲಾವಣೆಯನ್ನು ಒಳಗಿನಿಂದ ಕಂಡವರು ಮೈಕೇಲ್ ಸ್ಟರ್ನ್ ಎಂಬ ಇಂಗ್ಲಿಷ್ ಮೇಷ್ಟರು. 1950ರ ದಶಕದ ನಡುವೆ ಹಡಲ್‌ಸ್ಟನ್ನರ ಕರೆಗೆ ಓಗೊಟ್ಟು ಮುಖ್ಯೋಪಾಧ್ಯಾಯರಾಗಿ ಬಂದಿದ್ದ ಅವರು, ಕಪ್ಪು ಮಕ್ಕಳ ಶಾಲೆ ಬಿಳಿಯರ ಶಾಲೆಯಾದದ್ದನ್ನು ನೋಡಬೇಕಾಯಿತು. ಎಲ್ಲ ಬಣ್ಣದ ಮಕ್ಕಳೂ ಒಂದೇ ಬೆಂಚಿನ ಮೇಲೆ ಕೂರುವ ಶಾಲೆಯೊಂದನ್ನು ಕಟ್ಟಬೇಕೆಂಬ ಹಟ ಅವರಲ್ಲಿ ಹುಟ್ಟಿತು. ದಕ್ಷಿಣ ಆಫ್ರಿಕದಲ್ಲಿ ಅದು ಅಪರಾಧ. ಹಾಗಾದರೆ ಗಡಿಯಾಚೆ ಕಟ್ಟೋಣವೆಂದು ಅವರು ನೆರೆಯ ಸ್ವಾಜಿಲೆಂಡಿಗೆ ಬಂದರು.

2018ರಿಂದ ಎಸ್ವಾತಿನಿ ಎಂದು ಕರೆಸಿಕೊಳ್ಳುತ್ತಿರುವ ಈ ನಾಡು ಮೂರು ಕಡೆ ದಕ್ಷಿಣ ಆಫ್ರಿಕದಿಂದಲೂ ಒಂದು ಕಡೆ ಮೊಜಾಂಬಿಕಿನಿಂದಲೂ ಸುತ್ತುವರಿದಿದೆ. ವಿಸ್ತೀರ್ಣ 17,364 ಚದರ ಕಿಲೋಮೀಟರು. ನಮ್ಮ ತುಮಕೂರು ಜಿಲ್ಲೆಯ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು, ಎರಡು ಪಟ್ಟಿಗಿಂತ ಕಡಿಮೆ. ರಾಜಧಾನಿ ಎಂಬಬಾನೆ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ ನಮ್ಮ ದೇವರಾಯನದುರ್ಗದಷ್ಟೇ ಎತ್ತರದಲ್ಲಿದೆ. ನಮ್ಮ ಜಯಮಂಗಲಿ ಹುಟ್ಟುವ ಆ ದುರ್ಗದ ತಂಪನ್ನು ಬಲ್ಲವರು ಎಂಬಬಾನೆಯ ಮಂಜು ಕವಿದ ಮುಂಜಾವನ್ನು ಸ್ವಲ್ಪಮಟ್ಟಿಗೆ ಊಹಿಸಿಕೊಳ್ಳಬಹುದು. 1963ರಲ್ಲಿ ಅದಿನ್ನೂ ಬ್ರಿಟಿಷರ ರಕ್ಷಣೆಯಲ್ಲಿದ್ದ ಸಂಸ್ಥಾನ. ಅದಕ್ಕೆ ಸ್ವಾತಂತ್ರ್ಯ ಬಂದದ್ದು 1968ರ ಸೆಪ್ಟೆಂಬರ್ 6ರಂದು. ಅಲ್ಲಿಯೂ ಶಾಲೆಗಳು ಬಣ್ಣದ ಮೇಲೆ ಬೇರೆ ಬೇರೆಯಾಗಿಯೇ ಇದ್ದವು. ಆದರೆ ಒಂದು ವ್ಯತ್ಯಾಸವಿತ್ತು. ಅಲ್ಲಿ ಒಟ್ಟಿಗೆ ಕೂರುವುದು ವಾಡಿಕೆಯಲ್ಲಿರಲಿಲ್ಲ. ಕೂತರೆ ಸೆರೆಮನೆಯೂ ಇರಲಿಲ್ಲ. ಕೆಲವು ಸಲ ಚರಿತ್ರೆಗೆ ಬೇಕಾಗುವ ಸಂದು ಇಷ್ಟೇ ಅಗಲ.

ಆ ಸಂದಿನಲ್ಲಿ, ಊರಿನ ಮೇಲಣ ಬೆಟ್ಟದ ಇಳಿಜಾರಿನಲ್ಲಿ, 1963ರ ಆರಂಭದಲ್ಲಿ 16 ಹುಡುಗರೊಡನೆ 'ವಾಟರ್‌ಫರ್ಡ್' ಎಂಬ ಶಾಲೆ ತೆರೆಯಿತು. ಅದರ ಕಟ್ಟಡಗಳನ್ನು ಯೋಜಿಸಿದವರು ಪಾಂಚೋ ಗೆಡೆಸ್ ಎಂಬ ಪೋರ್ಚುಗೀಸ್ ವಾಸ್ತುಶಿಲ್ಪಿ. ಪಕ್ಕದ ಮೊಜಾಂಬಿಕಿನಲ್ಲಿ ನೆಲೆಸಿ ಹೆಸರು ಮಾಡಿದ್ದವರು. ಕಟ್ಟಡಗಳು ಒಂದೊಂದಾಗಿ, ಹಣ ಬಂದಂತೆ ಎದ್ದವು. ಓದು ಮುಗಿದ ಮೇಲೆ ಅಧ್ಯಾಪಕರೂ ಹುಡುಗರೂ ಗುದ್ದಲಿ ಹಿಡಿದು ದುಡಿಯುವುದು ಶಾಲೆಯ ದಿನಚರಿಯ ಭಾಗವಾಗಿತ್ತು. ಇದನ್ನು ಬರಿಯ ಮಿತವ್ಯಯವೆಂದು ತಿಳಿಯಬಾರದು. ಯಾವ ದೇಶದಲ್ಲಿ ಗುದ್ದಲಿ ಒಂದು ಬಣ್ಣಕ್ಕೂ ಲೇಖನಿ ಇನ್ನೊಂದು ಬಣ್ಣಕ್ಕೂ ಮೀಸಲೆಂದು ಕಾಯಿದೆಯೇ ಹೇಳುತ್ತಿತ್ತೋ, ಆ ದೇಶದಿಂದ ಬಂದ ಬಿಳಿಯ ಹುಡುಗ ಮಣ್ಣು ಹೊರುವುದು, ಕಪ್ಪು ಹುಡುಗ ಜಾಮಿತಿ ಬಿಡಿಸುವುದು, ಇವೆರಡೂ ಒಂದೇ ಪಾಠದ ಎರಡು ಪುಟಗಳಾಗಿದ್ದವು.

ಒಟ್ಟಿಗೆ ಓದುವುದರಲ್ಲಿ ಅಂಥ ಸಾಹಸವೇನೆಂದು ಇಂದಿನ ಓದುಗರಿಗೆ ಅನ್ನಿಸಬಹುದು. ಓದುವುದು ಹಗಲಿನ ಮಾತು. ವಸತಿಶಾಲೆಯ ಕಷ್ಟವಿರುವುದು ಸಂಜೆಯ ಮೇಲೆ: ಒಂದೇ ಪಾತ್ರೆಯ ಊಟ, ಒಂದೇ ಕೊಠಡಿಯ ಹಾಸಿಗೆ, ಒಂದೇ ಸಾಲಿನ ಸ್ನಾನ. ಇದನ್ನು ಅರ್ಥಮಾಡಿಕೊಳ್ಳಲು ನಾವು ಆಫ್ರಿಕಕ್ಕೆ ಹೋಗಬೇಕಾಗಿಲ್ಲ. ನಮ್ಮ ಹಳೆಯ ಮೈಸೂರು ಸಂಸ್ಥಾನದಲ್ಲಿ ಹಳ್ಳಿಯ ಹುಡುಗ ಕಾಲೇಜಿಗೆಂದು ಬೆಂಗಳೂರಿಗೋ ಮೈಸೂರಿಗೋ ಹೋದರೆ ಅವನನ್ನು ಎದುರುಗೊಳ್ಳುತ್ತಿದ್ದದ್ದು ಆಯಾ ಜಾತಿಯ ವಿದ್ಯಾರ್ಥಿನಿಲಯ. ಆ ನಿಲಯಗಳಿಲ್ಲದಿದ್ದರೆ ಎಷ್ಟೋ ಬಡ ಹುಡುಗರು ಓದುತ್ತಲೇ ಇರಲಿಲ್ಲ. ಅವುಗಳ ಉಪಕಾರ ದೊಡ್ಡದು. ಆದರೆ 'ಯಾವ ಹಾಸ್ಟೆಲು?' ಎಂದು ಕೇಳಿದರೆ ಸಾಕು, 'ಯಾವ ಜಾತಿ?' ಎಂದು ಕೇಳುವ ಮುಜುಗರ ತಪ್ಪುತ್ತಿತ್ತು. ತರಗತಿಯಲ್ಲಿ ಒಂದು ಬೆಂಚು, ಊಟಕ್ಕೆ ಹಲವು ಪಂಕ್ತಿ. ಮನುಷ್ಯರು ವಿದ್ಯೆಯನ್ನು ಹಂಚಿಕೊಳ್ಳಲು ಒಪ್ಪಿದಷ್ಟು ಸುಲಭವಾಗಿ ಅನ್ನವನ್ನು ಹಂಚಿಕೊಳ್ಳಲು ಒಪ್ಪುವುದಿಲ್ಲ.

ಈ ಪಂಕ್ತಿಯ ಪಾಠವನ್ನು ಅದೇ ದಕ್ಷಿಣ ಆಫ್ರಿಕದ ನೆಲದಲ್ಲಿ ಅರ್ಧ ಶತಮಾನದ ಹಿಂದೆಯೇ ಒಬ್ಬರು ಕಲಿಸಿದ್ದರು. 1910ರಲ್ಲಿ ಗಾಂಧೀಜಿಯವರ ಮಿತ್ರ ಕಲೆನ್‌ಬಾಕ್ ಜೊಹಾನ್ಸ್‌ಬರ್ಗಿನಿಂದ 21 ಮೈಲಿ ದೂರದ ತಮ್ಮ 1,100 ಎಕರೆ ಜಮೀನನ್ನು ಸತ್ಯಾಗ್ರಹಿಗಳ ಕುಟುಂಬಗಳಿಗೆ ಬಿಟ್ಟುಕೊಟ್ಟರು. ಅದೇ ಟಾಲ್‌ಸ್ಟಾಯ್ ಫಾರ್ಮ್. ಅಲ್ಲಿ ಹಿಂದೂ, ಮುಸ್ಲಿಂ, ಪಾರ್ಸಿ, ಕ್ರೈಸ್ತ ಮಕ್ಕಳಿಗೆ ಗಾಂಧೀಜಿಯೇ ಮೇಷ್ಟರು. ಅಡುಗೆಮನೆ ಒಂದೇ. ರಂಜಾನ್ ಬಂದಾಗ ಮುಸ್ಲಿಂ ಹುಡುಗರ ಜೊತೆಗೆ ಇತರ ಹುಡುಗರೂ ಉಪವಾಸವಿದ್ದು ಸಂಜೆ ಒಟ್ಟಿಗೆ ಕುಳಿತು ಉಂಡರು. ಹಲಗೆಯ ಮೇಲೆ 'ಅಂತಾರಾಷ್ಟ್ರೀಯ' ಎಂದು ಬರೆಯದಿದ್ದರೂ ಆ ಫಾರ್ಮಿನ ಊಟದ ಮನೆ ಆ ಹೆಸರಿಗೆ ಯೋಗ್ಯವಾಗಿತ್ತು. ಆದರೆ ಅದು ಭಾರತೀಯರ ವಲಯ. ಕಪ್ಪು ಮಗುವನ್ನೂ ಬಿಳಿಯ ಮಗುವನ್ನೂ ಒಂದೇ ಪಂಕ್ತಿಗೆ ತರುವ ಕೆಲಸ ಎಂಬಬಾನೆಯ ಬೆಟ್ಟಕ್ಕೆ ಉಳಿದಿತ್ತು.

1967ರಲ್ಲಿ ಸ್ವಾಜಿ ದೊರೆ ಎರಡನೆಯ ಸೊಭುಜಾ ಈ ಶಾಲೆಗೆ ಒಂದು ಹೆಸರನ್ನು ಕೊಟ್ಟರು: 'ಕಮ್‌ಹ್ಲಾಬಾ'. ಸ್ವಾಜಿ ಭಾಷೆಯಲ್ಲಿ 'ಉಮ್‌ಹ್ಲಾಬಾ' ಎಂದರೆ ಮಣ್ಣು. ಭೂಮಿ ಎಂದೂ ಜಗತ್ತು ಎಂದೂ ಅರ್ಥ. ಕಮ್‌ಹ್ಲಾಬಾ ಎಂದರೆ ಈ ಮಣ್ಣಿನದು, ಈ ಜಗತ್ತಿನದು. ನಮ್ಮ 'ಇಳೆ' ಎಂಬ ಮಾತಿನಲ್ಲಿ ನೆಲವೂ ಲೋಕವೂ ಕೂಡಿಕೊಂಡಿರುವ ಹಾಗೆಯೇ ಇದು. ಮನುಷ್ಯರೆಲ್ಲ ಭೇದವಿಲ್ಲದೆ ಒಂದೇ ಮಣ್ಣಿಗೆ ಸೇರಿದವರು ಎಂಬುದು ದೊರೆಯ ಅಭಿಪ್ರಾಯ. 'ಅಂತಾರಾಷ್ಟ್ರೀಯ' ಎಂಬ ಪದದಲ್ಲಿ ರಾಷ್ಟ್ರಗಳು ಮೊದಲು ಬೇರೆಬೇರೆಯಾಗಿ ನಿಂತು ಆಮೇಲೆ ಕೈಕುಲುಕುತ್ತವೆ. 'ಕಮ್‌ಹ್ಲಾಬಾ'ದಲ್ಲಿ ಬೇರೆಯಾಗುವ ಮಾತೇ ಇಲ್ಲ. ಈ ಪುಟ್ಟ ನಾಡಿನ ಪದ ದೊಡ್ಡ ನಾಡುಗಳ ಪದಕ್ಕಿಂತ ಆಳವಾಗಿದೆಯೆಂದು ನನಗನ್ನಿಸುತ್ತದೆ.

ಆ ಶಾಲೆ ಯಾರಿಗೆ ಆಸರೆಯಾಯಿತು? ಒಂದು ನಿದರ್ಶನ ಸಾಕು. ನೆಲ್ಸನ್ ಮಂಡೇಲಾ 1964ರಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾಗಿ ರಾಬೆನ್ ದ್ವೀಪದ ಸೆರೆಮನೆ ಸೇರಿದಾಗ ಅವರ ಕಿರಿಯ ಹೆಣ್ಣುಮಕ್ಕಳು ಜೆನಾನಿ ಮತ್ತು ಜಿಂಡ್ಜಿ ಇನ್ನೂ ಎಳೆಯ ಕೂಸುಗಳು. 2ರಿಂದ 16 ವರ್ಷದೊಳಗಿನ ಮಕ್ಕಳು ಆ ಸೆರೆಮನೆಯ ಕೈದಿಗಳನ್ನು ಕಾಣುವಂತಿರಲಿಲ್ಲ. 1969ರಲ್ಲಿ ತಾಯಿ ವಿನ್ನಿಯನ್ನೂ ಬಂಧಿಸಿ ತಿಂಗಳುಗಟ್ಟಲೆ ಏಕಾಂತ ಸೆರೆಯಲ್ಲಿಟ್ಟರು. ಆ ಮಕ್ಕಳು ಸ್ವಾಜಿಲೆಂಡಿನಲ್ಲಿ ಮೊದಲು ಒಂದು ಕ್ರೈಸ್ತ ಕಾನ್ವೆಂಟಿನಲ್ಲಿ, ಆಮೇಲೆ ವಾಟರ್‌ಫರ್ಡ್ ಕಮ್‌ಹ್ಲಾಬಾದಲ್ಲಿ ಓದಿದರು. ತಂದೆಯ ಮುಖವನ್ನು ನೋಡಲು ಒಂದು ದೇಶ ಬಿಡಲಿಲ್ಲ; ತಂದೆಯ ಹೆಸರನ್ನು ತಲೆಯೆತ್ತಿ ಹೇಳಿಕೊಳ್ಳಲು ಇನ್ನೊಂದು ದೇಶದ ಒಂದು ಶಾಲೆ ಎಡೆಕೊಟ್ಟಿತು. ಬಹುಕಾಲದ ಮೇಲೆ ಆ ಇಬ್ಬರು ಹೆಣ್ಣುಮಕ್ಕಳೂ ಸ್ವತಂತ್ರ ದಕ್ಷಿಣ ಆಫ್ರಿಕದ ರಾಯಭಾರಿಗಳಾದರು, ಒಬ್ಬರು ಅರ್ಜೆಂಟೀನಕ್ಕೆ, ಮತ್ತೊಬ್ಬರು ಡೆನ್ಮಾರ್ಕಿಗೆ. ವಾಲ್ಟರ್ ಸಿಸುಲು ಅವರ ಮನೆಯ, ಡೆಸ್ಮಂಡ್ ಟುಟು ಅವರ ಮನೆಯ ಮಕ್ಕಳೂ ಆ ಬೆಟ್ಟ ಹತ್ತಿದವರೇ.

ಈಗ ಹಣದ ಮಾತು. ಸರ್ಕಾರದ ಹಂಗು ಬೇಡವೆಂದ ಮೇಲೆ ಯಾರದಾದರೂ ಹಂಗು ಬೇಕೇ ಬೇಕು. ಶುಲ್ಕವನ್ನೇ ನಂಬಿದರೆ, ಶುಲ್ಕ ತೆರಬಲ್ಲ ಬಿಳಿಯರ ಮಕ್ಕಳು ತುಂಬಿಕೊಂಡು, ಯಾರಿಗಾಗಿ ಶಾಲೆ ಕಟ್ಟಿದ್ದೋ ಅವರೇ ಹೊರಗುಳಿಯುತ್ತಾರೆ. ಹಾಗಾಗದಂತೆ ಸ್ಟರ್ನ್ ದಾನಿಗಳ ಮನೆಬಾಗಿಲಿಗೆ ಹೋದರು. ವಿದ್ಯಾರ್ಥಿವೇತನಕ್ಕಾಗಿ ದೇಶವಿದೇಶಗಳಲ್ಲಿ ಕೈಯೊಡ್ಡಿದರು. ಶಾಲೆಯ ಸ್ವಾತಂತ್ರ್ಯವನ್ನು ಕಾಪಾಡಲು ಶಾಲೆಯ ಮುಖ್ಯಸ್ಥನೇ ಜೋಳಿಗೆ ಹಿಡಿಯಬೇಕಾಯಿತು.

ಜೋಳಿಗೆಯೆಂದ ಕೂಡಲೇ ನಮ್ಮ ಜಿಲ್ಲೆಯವರಿಗೆ ಯಾರ ನೆನಪಾಗುತ್ತದೆಂದು ನಾನು ಹೇಳಬೇಕಾಗಿಲ್ಲ. ಕೊರಟಗೆರೆಯಿಂದ ಸುಮಾರು 25 ಕಿಲೋಮೀಟರು ದೂರದ ತುಮಕೂರಿನ ಬಳಿ, ಸಿದ್ಧಗಂಗೆಯಲ್ಲಿ, 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಊರೂರು ಸುತ್ತಿ ಭಿಕ್ಷೆಯೆತ್ತಿ ಮಕ್ಕಳಿಗೆ ಅನ್ನ ಹಾಕಿದರು. ಜಾತಿಮತವೆನ್ನದೆ ಸುಮಾರು ಹತ್ತು ಸಾವಿರ ಮಕ್ಕಳು ಅಲ್ಲಿ ಉಂಡು, ಮಲಗಿ, ಓದುವಷ್ಟು ಆ ಮನೆ ಬೆಳೆಯಿತು. ರೈತರು ತಾವು ಬೆಳೆದ ರಾಗಿಯನ್ನು ತಾವೇ ಹೊತ್ತು ತಂದು ಮಠಕ್ಕೆ ಒಪ್ಪಿಸಿದರು. ಅಲ್ಲಿ ಐ.ಬಿ. ಇಲ್ಲ, ವಿದೇಶದ ಮಕ್ಕಳಿಲ್ಲ. ಒಂದು ಮಠ, ಇನ್ನೊಂದು ಇಂಗ್ಲಿಷ್ ಮಾದರಿಯ ವಸತಿಶಾಲೆ; ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಒಂದು ವಿಷಯದಲ್ಲಿ ಎರಡೂ ಒಂದೇ ಮಾತನ್ನು ಹೇಳುತ್ತವೆ: ತೆರಲಾರದವನ ಪಾಲನ್ನು ತೆರುವವರು ಯಾರೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳದ ಶಾಲೆಗೆ 'ಎಲ್ಲರಿಗೂ ಸ್ವಾಗತ' ಎಂದು ಬಾಗಿಲಲ್ಲಿ ಬರೆಯುವ ಹಕ್ಕಿಲ್ಲ.

ಈ ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಅದು ಪುರಾಣವಾಗಿಬಿಡುತ್ತದೆ. ಎಂಬಬಾನೆಯ ಶಾಲೆಗೆ ಎದುರಾಗಬಹುದಾದ ಆಕ್ಷೇಪಗಳು ಹಗುರವಾದವಲ್ಲ. ಗಡಿಯೀಚೆ ಲಕ್ಷಾಂತರ ಮಕ್ಕಳು ಬಾಂಟೂ ಶಿಕ್ಷಣದಲ್ಲಿ ಕೊಳೆಯುತ್ತಿರುವಾಗ ಗಡಿಯಾಚೆಯ ಬೆಟ್ಟದ ಮೇಲೆ ಕೆಲವು ನೂರು ಮಕ್ಕಳು ಒಟ್ಟಿಗೆ ಉಂಡರೆ ಆದದ್ದೇನು? ಬಂದವರಲ್ಲಿ ಪ್ರಸಿದ್ಧರ ಮಕ್ಕಳು, ಉಳ್ಳವರ ಮಕ್ಕಳು ಇರಲಿಲ್ಲವೆ? ಮೇಲಾಗಿ, ಶಾಲೆಗೆ ಅಷ್ಟು ಚೆಲುವಾದ ಹೆಸರಿಟ್ಟ ಅದೇ ದೊರೆ 1973ರ ಏಪ್ರಿಲ್‌ನಲ್ಲಿ ದೇಶದ ಸಂವಿಧಾನವನ್ನು ರದ್ದುಮಾಡಿ, ರಾಜಕೀಯ ಪಕ್ಷಗಳನ್ನು ನಿಷೇಧಿಸಿ, ಎಲ್ಲ ಅಧಿಕಾರವನ್ನೂ ತನ್ನ ಕೈಗೆ ತೆಗೆದುಕೊಂಡ. ಬೆಟ್ಟದ ಮೇಲೆ ಸ್ವತಂತ್ರ ಶಾಲೆ, ಬೆಟ್ಟದ ಕೆಳಗೆ ಮಾತಿಗೆ ಬೀಗ. ಈ ವಿಪರ್ಯಾಸವನ್ನು ಮುಚ್ಚಿಡುವುದು ಸರಿಯಲ್ಲ.

ಈ ಆಕ್ಷೇಪಗಳಿಗೆ ಪೂರ್ತಿ ಸಮಾಧಾನ ಹೇಳುವುದು ನನ್ನಿಂದಾಗದು. ಒಂದು ಮಾತನ್ನು ಮಾತ್ರ ಹೇಳಬಲ್ಲೆ. ಭೇದವನ್ನು ಸಾರುವ ಕಾಯಿದೆಗಳೆಲ್ಲ ಕೊನೆಗೆ ಆತುಕೊಳ್ಳುವುದು ಒಂದೇ ವಾದದ ಮೇಲೆ: 'ಇವರು ಒಟ್ಟಿಗೆ ಬಾಳಲಾರರು, ಅದು ಪ್ರಕೃತಿಗೆ ವಿರುದ್ಧ.' ಇಂಥ ವಾದವನ್ನು ಸುಳ್ಳು ಮಾಡಲು ಲಕ್ಷ ಜನ ಬೇಕಾಗಿಲ್ಲ. ಹದಿನಾರು ಹುಡುಗರು ಒಂದು ವರ್ಷ ಒಂದು ಸೂರಿನ ಕೆಳಗೆ ಜಗಳವಾಡಿ, ರಾಜಿಯಾಗಿ, ಪರೀಕ್ಷೆ ಬರೆದರೆ ಸಾಕು. ಶಾಲೆ ವರ್ಣಭೇದ ನೀತಿಯನ್ನು ಕೆಡವಲಿಲ್ಲ, ಕೆಡವಿದವರು ಬೇರೆ. 1976ರ ಜೂನ್ 16ರಂದು, ಆಫ್ರಿಕಾನ್ಸ್ ಭಾಷೆಯಲ್ಲಿ ಕಲಿಯಲೇಬೇಕೆಂಬ ಆಜ್ಞೆಯ ವಿರುದ್ಧ ಸೊವೆಟೊದ ಬೀದಿಗೆ ಇಳಿದು ಗುಂಡಿಗೆ ಎದೆಯೊಡ್ಡಿದ ಶಾಲಾಮಕ್ಕಳು ಅವರಲ್ಲಿ ಮೊದಲಿಗರು. ಬೆಟ್ಟದ ಶಾಲೆ ಮಾಡಿದ್ದು ಬೇರೆ ಕೆಲಸ: ಕೆಡವಿದ ಮೇಲೆ ಕಟ್ಟಬೇಕಾದ ಮನೆಯ ಒಂದು ಮಾದರಿಯನ್ನು ಮೊದಲೇ ಮಾಡಿ ಇಟ್ಟದ್ದು.

1981ರಲ್ಲಿ ವಾಟರ್‌ಫರ್ಡ್ ಕಮ್‌ಹ್ಲಾಬಾ 'ಯುನೈಟೆಡ್ ವರ್ಲ್ಡ್ ಕಾಲೇಜ್' ಎಂಬ ಕೂಟದ ನಾಲ್ಕನೆಯ ಶಾಲೆಯಾಯಿತು. ಜರ್ಮನಿಯಿಂದ ಹಿಟ್ಲರನ ಕಾಲದಲ್ಲಿ ಹೊರಬಿದ್ದ ಕುರ್ಟ್ ಹಾನ್ ಎಂಬ ಶಿಕ್ಷಣತಜ್ಞರ ಕನಸಿನಿಂದ 1962ರಲ್ಲಿ ವೇಲ್ಸ್‌ನಲ್ಲಿ ಆರಂಭವಾದ ಈ ಕೂಟ ನಾನಾ ದೇಶಗಳಿಂದ ಮಕ್ಕಳನ್ನು ಆರಿಸಿ, ಅಗತ್ಯವಿದ್ದವರಿಗೆ ವೇತನ ಕೊಟ್ಟು ಓದಿಸುತ್ತದೆ. 1997ರಿಂದ ನಮ್ಮ ದೇಶದಲ್ಲಿಯೂ, ಪುಣೆಯ ಹತ್ತಿರ, ಅದರ ಒಂದು ಶಾಲೆಯಿದೆ. ಅಲ್ಲಿಯ ಮಕ್ಕಳು ಐ.ಬಿ. ಪರೀಕ್ಷೆಗೆ ಓದುವುದರ ಜೊತೆಗೆ ಸುತ್ತಲ ಜನರ ನಡುವೆ ಸೇವೆಯನ್ನೂ ಮಾಡಬೇಕೆಂಬುದು ಈ ಕೂಟದ ನಿಯಮ. 1994ರಲ್ಲಿ ಮಂಡೇಲಾ ಅಧ್ಯಕ್ಷರಾಗಿ ವರ್ಣಭೇದದ ಶಾಸನ ಅಳಿದ ಮೇಲೆ ಎಂಬಬಾನೆಯ ಶಾಲೆಗೆ ಎದುರಾಳಿಯೇ ಇಲ್ಲವಾಯಿತೆಂದು ತೋರಬಹುದು. ವಾಸ್ತವದಲ್ಲಿ ಹೊಸ ಎದುರಾಳಿ ಬಂದಿತ್ತು. ಅದರ ಹೆಸರು ಶುಲ್ಕ. ಅದು ಯಾವ ಕಾಯಿದೆಯಲ್ಲಿಯೂ ಬರೆದಿಲ್ಲ, ಯಾರ ಬಣ್ಣವನ್ನೂ ಕೇಳುವುದಿಲ್ಲ. ಆದರೂ ಮಕ್ಕಳನ್ನು ಅಚ್ಚುಕಟ್ಟಾಗಿ ವಿಂಗಡಿಸಬಲ್ಲುದು.

ಈ ಎದುರಾಳಿಯನ್ನು ನಾವೂ ಬಲ್ಲೆವು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ, ಒಂದು ನೆರೆಹೊರೆಯ ಮಕ್ಕಳೆಲ್ಲ ಜಾತಿ ಅಂತಸ್ತುಗಳ ಭೇದವಿಲ್ಲದೆ ಒಂದೇ ಶಾಲೆಯಲ್ಲಿ ಕಲಿಯಬೇಕೆಂದು ಹೇಳಿತ್ತು. ಆ ಮಾತು ಹಾಗೆಯೇ ಉಳಿಯಿತು. 2009ರ ಶಿಕ್ಷಣ ಹಕ್ಕು ಕಾಯಿದೆ ಖಾಸಗಿ ಶಾಲೆಗಳ ಪ್ರವೇಶ ತರಗತಿಯಲ್ಲಿ ಶೇಕಡಾ 25ರಷ್ಟು ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕೆಂದಿತು. 2019ರಲ್ಲಿ ಕರ್ನಾಟಕ ತನ್ನ ನಿಯಮವನ್ನು ತಿದ್ದಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಈ ಸ್ಥಾನಗಳನ್ನು ಖಾಸಗಿ ಶಾಲೆ ಕೊಡಬೇಕಾಗಿಲ್ಲವೆಂದು ಮಾಡಿತು. ಖಾಸಗಿಯವರಿಗೆ ಕೊಡುವ ಹಣದಿಂದ ಸರ್ಕಾರಿ ಶಾಲೆಯನ್ನೇ ಬಲಪಡಿಸಬಹುದೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಪರಿಣಾಮ ಬೆಳಗಿನ ಎಂಟು ಗಂಟೆಗೆ ಯಾವ ತಾಲ್ಲೂಕು ಊರಿನ ವೃತ್ತದಲ್ಲಿ ನಿಂತರೂ ಕಾಣುತ್ತದೆ. ಒಂದೇ ಬೀದಿಯ ಮೂರು ಮನೆಗಳ ಮಕ್ಕಳು: ಒಬ್ಬ ದೊಡ್ಡ ಬಸ್ಸಿನಲ್ಲಿ, ಒಬ್ಬಳು ಆಟೋದಲ್ಲಿ, ಒಬ್ಬ ನಡೆದು, ಮೂರು ಬೇರೆ ಬೇರೆ ಲೋಕಗಳಿಗೆ ಹೋಗುತ್ತಾರೆ. ಯಾವ ಫರ್‌ವೂರ್ಟ್ ಕೂಡ ಅವರನ್ನು ಹಾಗೆ ವಿಂಗಡಿಸಿ ಆಜ್ಞೆ ಹೊರಡಿಸಿಲ್ಲ. ನಾವು ಪ್ರೀತಿಯಿಂದಲೇ ವಿಂಗಡಿಸಿದ್ದೇವೆ.

ಆದ್ದರಿಂದ ಹಲಗೆಯ ಮೇಲಿನ ಮಾತುಗಳನ್ನು ಅಳಿಸಿಹಾಕಬೇಕೆಂದು ನಾನು ಹೇಳುವುದಿಲ್ಲ. ಅವುಗಳಿಗೆ ಅವುಗಳ ತೂಕವನ್ನು ಮರಳಿ ಕೊಡೋಣವೆಂದು ಕೇಳುತ್ತೇನೆ. ಎಂಬಬಾನೆಯ ಬೆಟ್ಟದಲ್ಲಿ 'ಸ್ವತಂತ್ರ' ಎಂದರೆ ಮಕ್ಕಳನ್ನು ಬೇರೆ ಮಾಡುವ ಕಟ್ಟಳೆಯಿಂದ ಸ್ವತಂತ್ರ. 'ಅಂತಾರಾಷ್ಟ್ರೀಯ' ಎಂದರೆ ಪಕ್ಕದ ಮನೆಯವನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಬಲ್ಲದ್ದು. ನಮ್ಮ ಊರಿನ ಯಾವುದೇ ಶಾಲೆಗೆ, ಅದು ಸರ್ಕಾರದ್ದಿರಲಿ, ಮಠದ್ದಿರಲಿ, ಮಂಡಳಿಯದ್ದಿರಲಿ, ಮಗುವನ್ನು ಸೇರಿಸಲು ಹೋದಾಗ ಶುಲ್ಕವೆಷ್ಟು, ಫಲಿತಾಂಶವೆಷ್ಟು ಎಂದು ಕೇಳುವುದು ನಮ್ಮ ಕರ್ತವ್ಯ. ಅದರೊಡನೆ ಇನ್ನೆರಡು ಪ್ರಶ್ನೆಗಳನ್ನೂ ಕೇಳಬಹುದು: ನನ್ನ ಮಗು ಯಾರ ಪಕ್ಕದಲ್ಲಿ ಕುಳಿತು ಉಣ್ಣುತ್ತದೆ? ಇಲ್ಲಿಗೆ ಬರಲಾರದ ಮಗುವಿನ ಪಾಲನ್ನು ಯಾರು ತೆರುತ್ತಾರೆ? ಈ ಎರಡಕ್ಕೂ ಉತ್ತರವುಳ್ಳ ಶಾಲೆ ಯಾವ ಹಳ್ಳಿಯಲ್ಲಿದ್ದರೂ ಅದು ಈ ಜಗತ್ತಿನದೇ.